ನಮ್ಮ ಹೊಳೆಯ ತುದಿಯಲ್ಲೊಂದು ದ್ವೀಪ

ದ್ವೀಪ ಎಂದರೇನು ಎಂದು ಐದನೆಯ ತರಗತಿಯ ಹುಡುಗನನ್ನು ಕೇಳಿದರೂ ಥಟ್ಟನೆ ಉತ್ತರ ಬರುತ್ತದೆ: ಸುತ್ತಲೂ ನೀರಿನಿಂದ ಆವೃತವಾದ ಭೂಭಾಗ. ಭೂಗೋಳದ ಪರೀಕ್ಷೆಗೆ ಇಷ್ಟು ಸಾಕು. ಜೀವಶಾಸ್ತ್ರದ ಮಟ್ಟಿಗೆ ಮಾತ್ರ ಇದು ಅರ್ಧ ಉತ್ತರ. ಒಂದು ಮೀನಿನ ಕಣ್ಣಿನಿಂದ ನೋಡಿರಿ. ಅದಕ್ಕೆ ಒಣನೆಲವೇ ದಾಟಲಾಗದ ಸಮುದ್ರ, ಒಂದು ತಂಪಾದ ನೀರಿನ ಬುಗ್ಗೆಯೇ ದ್ವೀಪ.

ಅಂಥ ಒಂದು ದ್ವೀಪ ನಮ್ಮ ಹೊಳೆಯ ತುದಿಯಲ್ಲಿಯೇ ಇದೆ. ಅಂಕಲಗಿಯ ಕಡೆಯವರಿಗೆ ಘಟಪ್ರಭೆ ಗೊತ್ತು; ಗೋಕಾಕದಲ್ಲಿ ಅದು 171 ಅಡಿ ಧುಮುಕುವುದೂ ಗೊತ್ತು. ಆ ನೀರಿನಲ್ಲಿ ಒಂದು ಪಾಲು ಹಿರಣ್ಯಕೇಶಿಯದು. ಸಂಕೇಶ್ವರದ ಮೇಲೆ ಹಾಯ್ದು, ಹುಕ್ಕೇರಿ ಸೀಮೆಯನ್ನು ತೋಯಿಸಿ ಘಟಪ್ರಭೆಯನ್ನು ಕೂಡುವ ಈ ಹೊಳೆ ಹುಟ್ಟುವುದು ಮಹಾರಾಷ್ಟ್ರದ ಅಂಬೋಲಿ ಘಟ್ಟದಲ್ಲಿ, ಗುಡಿಯೊಂದರ ಬಳಿಯ ಗುಹೆಯಿಂದ. 2020ರಲ್ಲಿ ಪ್ರವೀಣರಾಜ ಮತ್ತು ಸಂಗಡಿಗರು ಅಲ್ಲಿಯ ನೀರಿನಲ್ಲಿ ಬೆರಳಿನಷ್ಟೂ ಉದ್ದವಿಲ್ಲದ ಒಂದು ಬಣ್ಣದ ಮೀನನ್ನು ವಿಜ್ಞಾನಕ್ಕೆ ಹೊಸದೆಂದು ವರ್ಣಿಸಿದರು. ಹೆಸರು ಶಿಸ್ಟುರಾ ಹಿರಣ್ಯಕೇಶಿ. ನಮ್ಮ ಹೊಳೆಯ ಹೆಸರು ಲ್ಯಾಟಿನ್ ಪಟ್ಟಿಯಲ್ಲಿ ಸೇರಿದ್ದು ಹೀಗೆ. ಮರುವರ್ಷ, ಅಂದರೆ 2021ರಲ್ಲಿ, ಮಹಾರಾಷ್ಟ್ರ ಸರಕಾರ ಆ ಎರಡು ಹೆಕ್ಟೇರಿನಷ್ಟು ಜಾಗವನ್ನು ಜೀವವೈವಿಧ್ಯ ಪರಂಪರೆಯ ತಾಣವೆಂದು ಘೋಷಿಸಿತು.

ಈ ಗುಂಪಿನ ಮೀನುಗಳಿಗೆ ಬೇಕಾದದ್ದು ತಂಪಾದ, ಹರಿಯುವ, ಆಮ್ಲಜನಕ ತುಂಬಿದ ನೀರು, ತಳದಲ್ಲಿ ಹರಳುಗಲ್ಲು. ಕೆಳಗೆ ಬಯಲಿನಲ್ಲಿ ಹೊಳೆ ಅಗಲವಾಗುತ್ತದೆ, ಬೆಚ್ಚಗಾಗುತ್ತದೆ, ಕೆಸರಾಗುತ್ತದೆ. ಮೇಲೆ ಘಟ್ಟದ ನೆತ್ತಿ. ಅದರ ಆಚೆಗೆ ಬಿದ್ದ ಮಳೆ ಅರಬ್ಬೀ ಸಮುದ್ರದ ಪಾಲು. ಎತ್ತ ಹೋಗಬೇಕು ಮೀನು? ಹೀಗೆ ಒಂದೊಂದು ತೊರೆಯ ತಲೆಯಲ್ಲಿ ಒಂದೊಂದು ಕುಲ ಸಿಕ್ಕಿಕೊಂಡು, ಸಾವಿರಾರು ತಲೆಮಾರು ತಮ್ಮತಮ್ಮಲ್ಲೇ ಸಂತತಿ ಬೆಳೆಸುತ್ತ ಬೇರೆಬೇರೆ ಜಾತಿಗಳೇ ಆಗಿಬಿಡುತ್ತವೆ.

ಗೋಕಾಕದ ಕರದಂಟು ಮತ್ತು ಅಮೀನಗಡದ ಕರದಂಟು ಎರಡನ್ನೂ ತಿಂದವರಿಗೆ ಇದನ್ನು ವಿವರಿಸುವುದು ಸುಲಭ. ಬೆಲ್ಲ, ಅಂಟು, ಕೊಬ್ಬರಿ ಎಲ್ಲಾ ಅವೇ. ಆದರೆ ಎರಡು ಊರುಗಳ ಕೈಗಳು ಒಂದನ್ನೊಂದು ನೋಡದೆ ಬೆಳೆದುದರಿಂದ ರುಚಿ ಬೇರೆಯಾಯಿತು. (ಯಾವುದು ಮೇಲು ಎಂಬ ವಾದಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ.) ಜೀವಿಗಳಲ್ಲಿ ರುಚಿಯ ಬದಲು ಕೊಕ್ಕು, ಬಣ್ಣ, ಕೂಗು ಬದಲಾಗುತ್ತವೆ.

ನಿಜವಾದ ಸಮುದ್ರದ್ವೀಪಗಳಲ್ಲಿ ಈ ಆಟ ಇನ್ನೂ ಸ್ಪಷ್ಟ. ದಕ್ಷಿಣ ಅಮೆರಿಕದಿಂದ ಸುಮಾರು ಸಾವಿರ ಕಿಲೋಮೀಟರ್ ದೂರದ ಗಲಪಗೋಸ್ ದ್ವೀಪಗಳಿಗೆ ಡಾರ್ವಿನ್ 1835ರಲ್ಲಿ ಹೋದದ್ದು ಪಠ್ಯಪುಸ್ತಕದಲ್ಲಿ ಇದೆ. ಅಲ್ಲಿಗೆ ಮೊದಲು ಯಾರು ತಲುಪಬಲ್ಲರು? ಗಾಳಿಗೆ ಸಿಕ್ಕ ನಾಲ್ಕು ಹಕ್ಕಿ, ತೇಲುವ ಮರದ ಬೊಡ್ಡೆಯ ಮೇಲಿನ ಒಂದು ಓತಿ. ಉಪ್ಪುನೀರು ಕಪ್ಪೆಯ ಚರ್ಮಕ್ಕೆ ಆಗದು. ಆದ್ದರಿಂದ ಅಲ್ಲಿ ಸ್ವಂತ ಕಪ್ಪೆಗಳೇ ಇರಲಿಲ್ಲ. ಬಂದ ಕೆಲವರಿಗೆ ಖಾಲಿ ಮನೆ. ಬೀಜ ತಿನ್ನುವವನ ಕೊಕ್ಕು ದಪ್ಪವಾಯಿತು, ಹುಳು ಹೆಕ್ಕುವವನದು ಸಣ್ಣಗಾಯಿತು. ಇದಕ್ಕೆಲ್ಲ ಲಕ್ಷಾಂತರ ವರ್ಷ ಬೇಕು, ಯಾರು ಕಂಡವರು ಎನ್ನಬೇಡಿರಿ. ಪೀಟರ್ ಮತ್ತು ರೋಸ್‌ಮರಿ ಗ್ರಾಂಟ್ ದಂಪತಿ 1973ರಿಂದ ಅಲ್ಲಿಯ ಒಂದು ಪುಟ್ಟ ದ್ವೀಪದಲ್ಲಿ ಹಕ್ಕಿ ಹಿಡಿದು ಕೊಕ್ಕು ಅಳೆಯುತ್ತ ಹೋದರು. 1977ರ ಬರಗಾಲದಲ್ಲಿ ಸಣ್ಣ ಬೀಜಗಳು ಮುಗಿದವು. ಗಟ್ಟಿ ಬೀಜ ಒಡೆಯಬಲ್ಲ ದೊಡ್ಡ ಕೊಕ್ಕಿನವು ಹೆಚ್ಚಾಗಿ ಉಳಿದವು. ಅವುಗಳ ಮರಿಗಳ ಕೊಕ್ಕೂ ಸರಾಸರಿಯಲ್ಲಿ ದೊಡ್ಡದಾಗಿತ್ತು.

ಹಾಗಾದರೆ ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿಯೂ ದ್ವೀಪವಲ್ಲವೇ, ಅಲ್ಲೇಕೆ ಇಂಥ ಅಪೂರ್ವ ಸಂತತಿ ಪ್ರಸಿದ್ಧವಾಗಿಲ್ಲ? ಇದು ಒಳ್ಳೆಯ ಪ್ರಶ್ನೆ. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದಲ್ಲಿ, ಸಮುದ್ರದ ಮಟ್ಟ ಈಗಿಗಿಂತ 120 ಮೀಟರಿನಷ್ಟು ಕೆಳಗಿತ್ತು. ಆಗ ನೇತ್ರಾಣಿ ಕರಾವಳಿಯ ಬಯಲಿನ ಒಂದು ಗುಡ್ಡ. ಅದು ದ್ವೀಪವಾದದ್ದು ನಿನ್ನೆ ಮೊನ್ನೆ. ಹತ್ತಿರವೂ ಹೌದು; ಹಕ್ಕಿಗಳು ಹೋಗಿಬಂದು ಮಾಡುತ್ತವೆ, ನೆಂಟಸ್ತನ ಕಡಿಯುವುದಿಲ್ಲ. ಅಂಡಮಾನಿನಿಂದ ನೂರು ಕಿಲೋಮೀಟರಿಗೂ ದೂರದ ನಾರ್ಕೊಂಡಮ್ ಇದಕ್ಕೆ ತದ್ವಿರುದ್ಧ. ಸುಮಾರು ಏಳು ಚದರ ಕಿಲೋಮೀಟರಿನ ಆ ಆರಿದ ಜ್ವಾಲಾಮುಖಿಯ ಮೇಲೆ ಒಂದು ಮಂಗಟ್ಟೆ ಹಕ್ಕಿ ಇದೆ; ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ.

ಬೆಟ್ಟದ ನೆತ್ತಿಗಳೂ ದ್ವೀಪಗಳೇ. ಬಾಬಾಬುಡನ್‌ಗಿರಿ, ನೀಲಗಿರಿಗಳ ತಂಪಾದ ಶೋಲಾ ಕಾಡಿನಲ್ಲಿ ಬದುಕುವ ಪುಟ್ಟ ನೀಲಿ ಹಕ್ಕಿಗೆ ಬಯಲಿನ ಬಿಸಿಲೇ ಸಮುದ್ರ. ಪಾಲಕ್ಕಾಡಿನ ತಗ್ಗಿನ ಉತ್ತರಕ್ಕೆ ಅದರ ಒಂದು ಜಾತಿ, ದಕ್ಷಿಣಕ್ಕೆ ಇನ್ನೊಂದು.

ನಮ್ಮ ಜಿಲ್ಲೆಯದೇ ಮತ್ತೊಂದು ದ್ವೀಪ ಕತ್ತಲೆಯದು. ಖಾನಾಪುರ ತಾಲೂಕಿನ ಭೀಮಗಡ ಕಾಡಿನಲ್ಲಿ ತಳೇವಾಡಿಯ ಹತ್ತಿರ ಬಾರಾಪೇಡೆ ಗುಹೆಗಳಿವೆ. ಅಲ್ಲಿ ಸಿಕ್ಕ ದೊಡ್ಡ ಕಿವಿಯ ಬಾವಲಿಯನ್ನು 1913ರಲ್ಲಿ ಓಲ್ಡ್‌ಫೀಲ್ಡ್ ಥಾಮಸ್ ಹೊಸ ಜಾತಿಯೆಂದು ವರ್ಣಿಸಿ ರಾಟನ್ ಎಂಬುವರ ಹೆಸರಿಟ್ಟರು. ಮುಂದೆ ಎಂಬತ್ತಕ್ಕೂ ಹೆಚ್ಚು ವರ್ಷ ಜಗತ್ತಿಗೆ ಗೊತ್ತಿದ್ದ ಅದರ ಮನೆ ಇದೊಂದೇ. 2000ದ ಆಸುಪಾಸಿನಲ್ಲಿ ಕಾಂಬೋಡಿಯಾದಲ್ಲಿಯೂ ಮೇಘಾಲಯದ ಗುಹೆಯಲ್ಲಿಯೂ ಅದು ಕಂಡಿತು. ಅಂದರೆ ‘ಇಲ್ಲಿ ಮಾತ್ರ’ ಎನ್ನುವಾಗ ‘ನಮಗೆ ತಿಳಿದ ಮಟ್ಟಿಗೆ’ ಎಂದೂ ಸೇರಿಸಿಕೊಳ್ಳಬೇಕು. ಆದರೂ ಸಾವಿರಾರು ಕಿಲೋಮೀಟರ್ ಅಂತರದ ಮೂರು ಚುಕ್ಕೆಗಳು ಎಷ್ಟು ತೆಳ್ಳನೆಯ ಬದುಕು! ಭೀಮಗಡ 2011ರಲ್ಲಿ ವನ್ಯಜೀವಿಧಾಮವಾಯಿತು.

ದ್ವೀಪವಾಸಿಗಳ ಕಷ್ಟ ಇರುವುದೇ ಇಲ್ಲಿ. ಹೊಸ ಶತ್ರು ಬಂದರೆ ಓಡಲು ಇನ್ನೊಂದು ಊರಿಲ್ಲ, ಸತ್ತವರ ಜಾಗ ತುಂಬಲು ನೆಂಟರಿಲ್ಲ. ನಾರ್ಕೊಂಡಮ್‌ನ ಪೊಲೀಸ್ ಠಾಣೆಗೆಂದು ತಂದ ಆಡುಗಳು ಹೆಚ್ಚಿ ಮರಗಳ ಸಸಿಗಳನ್ನೇ ಮೇಯತೊಡಗಿದವು. ಕೊನೆಗೆ ಆಡುಗಳನ್ನು ದ್ವೀಪದಿಂದ ಸಾಗಹಾಕಬೇಕಾಯಿತು. ಯಾರೂ ಹಕ್ಕಿಗೆ ಕೇಡು ಬಯಸಿರಲಿಲ್ಲ.

ಪಾಲಕರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಗಾಜಿನ ತೊಟ್ಟಿಯ ಬಣ್ಣದ ಮೀನು ಸಾಕಿ ಬೇಸರವಾದಾಗ ‘ಪಾಪ, ಬದುಕಿಕೊಳ್ಳಲಿ’ ಎಂದು ಗುಡಿಯ ಹೊಂಡಕ್ಕೋ ತೊರೆಗೋ ಬಿಡುವ ರೂಢಿ ಇದೆ. ಪುಣ್ಯದ ಕೆಲಸವೆಂದೇ ಮಕ್ಕಳು ತಿಳಿದಿರುತ್ತಾರೆ. ಹೊರಗಿನ ಮೀನು ಬದುಕಿಕೊಂಡರೇ ಅಪಾಯ: ಅಲ್ಲಿಯವುಗಳ ಮೊಟ್ಟೆ ತಿನ್ನುತ್ತದೆ, ಆಹಾರ ಕಸಿಯುತ್ತದೆ, ರೋಗ ತರುತ್ತದೆ. ತರಗತಿಯಲ್ಲಿ ಇದನ್ನು ಹೇಳಿದಾಗ ಹುಡುಗಿಯೊಬ್ಬಳು, “ಹಂಗಾದ್ರ ಮೀನ ಸಾಯ್ಲೇನ್ರೀ ಸರ?” ಎಂದಳು. ಸಾಯಬೇಕಿಲ್ಲ. ಕೊಂಡ ಅಂಗಡಿಗೇ ಮರಳಿ ಕೊಡಬಹುದು, ಇಲ್ಲವೇ ತೊಟ್ಟಿಯಿರುವ ಗೆಳತಿಯ ಮನೆಗೆ. ಆಕೆ ಎರಡನೆಯದನ್ನು ಆರಿಸಿಕೊಂಡಳು.