ಖಾನಾವಳಿಯಿಂದ ದಿಲಾಸಾದವರೆಗೆ: ಮುಂಬಯಿಯ ಮಹಿಳೆಯರ ಸ್ಥೈರ್ಯದ ನೆಲೆಗಳು

ಗಿರಣಿಗೆ ಬೀಗ ಬಿದ್ದರೂ, ಗುಡಿಸಲು ನೆಲಸಮವಾದರೂ, ಮನೆಯ ಯಜಮಾನ ಕುಡಿತಕ್ಕೆ ಬಿದ್ದರೂ ಸಂಜೆ ಒಲೆ ಹೊತ್ತಿಸುವ ಹೊಣೆ ಹೆಂಗಸಿನದೇ. ಆ ಹೊರೆ ಹೊತ್ತು ನಿಲ್ಲುವ ಶಕ್ತಿಯನ್ನು ಹೆಣ್ಣಿನ ಹುಟ್ಟುಗುಣವೆಂದು, ಭೂಮಿತೂಕದ ತಾಳ್ಮೆಯೆಂದು ಹೊಗಳುವುದು ರೂಢಿ. ಹಾಗೆ ಹೊಗಳಿದಾಗ ಆಕೆಗೆ ಯಾವ ನೆರವೂ ಬೇಡವೆಂಬ ಭಾವನೆ ಬೆಳೆಯುತ್ತದೆ. ಮುಂಬಯಿಯ ಆರೇಳು ದಶಕಗಳ ಅನುಭವ ತೋರಿಸುವುದು ಬೇರೆಯದನ್ನೇ. ಕೈಯಲ್ಲಿ ಸ್ವಂತ ದುಡಿಮೆಯ ಹಣ, ಜೊತೆಗೆ ನಾಲ್ಕು ಜನ, ನೋವು ಹೇಳಿಕೊಳ್ಳಲು ಒಂದು ಜಾಗ ಇದ್ದಾಗ ಕುಸಿದ ಬದುಕೂ ಚೇತರಿಸಿಕೊಳ್ಳುತ್ತದೆ.

ಒಲೆಯೇ ಬಂಡವಾಳ

1959ರ ಮಾರ್ಚ್ 15ರಂದು ಗಿರಗಾಂವದ ಒಂದು ಕಟ್ಟಡದ ಮಾಳಿಗೆಯ ಮೇಲೆ ಏಳು ಮಹಿಳೆಯರು 80 ರೂಪಾಯಿ ಸಾಲ ತಂದು ಹಪ್ಪಳ ಲಟ್ಟಿಸಿದರು. ಮೊದಲ ದಿನ ತಯಾರಾದದ್ದು ನಾಲ್ಕು ಪೊಟ್ಟಣ. ಅದೇ ಮುಂದೆ ‘ಶ್ರೀ ಮಹಿಳಾ ಗೃಹ ಉದ್ಯೋಗ ಲಿಜ್ಜತ್ ಪಾಪಡ್’ ಆಗಿ ಸುಮಾರು 45,000 ಮಹಿಳೆಯರಿಗೆ ದುಡಿಮೆ ಕೊಟ್ಟಿತು. ಬೆಳಿಗ್ಗೆ ಕೇಂದ್ರದಿಂದ ಕಲಸಿದ ಹಿಟ್ಟು ಒಯ್ದು, ಮನೆಯಲ್ಲಿ ಲಟ್ಟಿಸಿ ಒಣಗಿಸಿ, ಹಪ್ಪಳವನ್ನು ತೂಗಿಸಿ ಕೂಲಿ ಪಡೆಯುವುದು ಇಲ್ಲಿನ ಕ್ರಮ. ಎಳೆಮಗುವನ್ನೋ ಹಾಸಿಗೆ ಹಿಡಿದ ಹಿರಿಯರನ್ನೋ ಬಿಟ್ಟು ಹೊರಡಲಾಗದ ಹೆಂಗಸಿಗೂ ಇದರಿಂದ ಸಂಪಾದನೆ ಸಾಧ್ಯವಾಯಿತು. ಆ ಏಳು ಮಂದಿಯಲ್ಲಿ ಒಬ್ಬರಾದ ಜಸವಂತಿಬೆನ್ ಜಮ್ನಾದಾಸ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಸಂದಿತು.

ಪರೇಲ್, ಲಾಲ್‌ಬಾಗ್, ವರ್ಲಿಗಳ ಗಿರಣಿ ಪ್ರದೇಶವಾದ ಗಿರಣಗಾಂವದಲ್ಲಿ ಸಂಕಟದ ಸ್ವರೂಪ ಬೇರೆಯಾಗಿತ್ತು. ಕೊಂಕಣ, ಸಾತಾರಾ, ಕೊಲ್ಹಾಪುರದ ಕಡೆಯಿಂದ ಬಂದ ಕಾರ್ಮಿಕರಲ್ಲಿ ಬಹಳ ಮಂದಿ ಹೆಂಡತಿ ಮಕ್ಕಳನ್ನು ಊರಿನಲ್ಲೇ ಬಿಟ್ಟು, ಚಾಳಿನ ಒಂದೊಂದು ಖೋಲಿಯಲ್ಲಿ ಹಲವರು ಕೂಡಿ ಇರುತ್ತಿದ್ದರು. ಅವರಿಗೆ ಎರಡು ಹೊತ್ತು ಊಟ ಹಾಕಿದ್ದು ಅದೇ ಕೇರಿಗಳ ಖಾನಾವಳಿ ಹೆಂಗಸರು. ಗಂಡನ ಕೆಲಸ ಹೋದವರು, ವಿಧವೆಯರು, ಗಂಡ ಬಿಟ್ಟವರು ಇವರಲ್ಲಿ ಅನೇಕರಿದ್ದರು. ಊಟದ ದುಡ್ಡು ಕೈಸೇರುತ್ತಿದ್ದುದು ಪಗಾರದ ದಿನ; ಅಕ್ಕಿಬೇಳೆಯ ಖರ್ಚು ಮಾತ್ರ ನಿತ್ಯದ್ದು. ನಡುವಿನ ಅಂತರ ತುಂಬುತ್ತಿದ್ದುದು ಕಿರಾಣಿ ಅಂಗಡಿಯ ಉದ್ರಿ ಮತ್ತು ಬಡ್ಡಿ ವ್ಯಾಪಾರಿಯ ಸಾಲ. ಹೀಗಾಗಿ ದುಡಿಮೆಯ ದೊಡ್ಡ ಪಾಲು ಬಡ್ಡಿಗೇ ಹೋಗುತ್ತಿತ್ತು.

ಗೋವಾದಲ್ಲಿ ಹುಟ್ಟಿ, ಆ ನಾಡಿನ ವಿಮೋಚನಾ ಹೋರಾಟದಲ್ಲಿ ಪಾಲ್ಗೊಂಡು, ಮುಂಬಯಿಯಲ್ಲಿ ಕಾರ್ಮಿಕ ಸಂಘಟನೆಯಲ್ಲಿ ತೊಡಗಿದ್ದ ಪ್ರೇಮಾ ಪುರವ್ ಈ ಗಂಟನ್ನು ಗುರುತಿಸಿದರು. ಅವರು 1975ರಲ್ಲಿ ಕಟ್ಟಿದ ‘ಅನ್ನಪೂರ್ಣ ಮಹಿಳಾ ಮಂಡಳ’ ಖಾನಾವಳಿ ಹೆಂಗಸರನ್ನು ಗುಂಪುಗೂಡಿಸಿ ರಾಷ್ಟ್ರೀಕೃತ ಬ್ಯಾಂಕಿನ ಬಾಗಿಲಿಗೆ ಕರೆದೊಯ್ದಿತು. ಅಡವಿಡಲು ಆಸ್ತಿಯಿಲ್ಲದವರಿಗೆ ಗೆಳತಿಯರೇ ಜಾಮೀನು: ಒಬ್ಬಳ ಸಾಲಕ್ಕೆ ಗುಂಪು ಹೊಣೆ. ಸ್ವಸಹಾಯ ಸಂಘಗಳ ಮೂಲಕ ಇಂದು ಕರ್ನಾಟಕದ ಹಳ್ಳಿಹಳ್ಳಿಗೂ ಪರಿಚಿತವಾಗಿರುವ ಈ ಕ್ರಮ ಆಗ ಹೊಸದಾಗಿತ್ತು.

ಅದರ ಕಠಿಣ ಪರೀಕ್ಷೆ ಬಂದದ್ದು 1982ರ ಜನವರಿ 18ರಂದು. ದತ್ತಾ ಸಾಮಂತ್ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಹೂಡಿದ ಮುಷ್ಕರ ತಿಂಗಳುಗಟ್ಟಲೆ ಎಳೆಯಿತು. ಪಗಾರ ನಿಂತಾಗ ಊಟದ ಬಾಕಿಯೂ ನಿಂತಿತು. ಬಹಳಷ್ಟು ಕಾರ್ಮಿಕರು ಊರಿಗೆ ಮರಳಿದರು. ಅನೇಕ ಗಿರಣಿಗಳು ಮತ್ತೆ ತೆರೆಯಲೇ ಇಲ್ಲ. ಖಾನಾವಳಿಯ ಕಸುಬಿಗೇ ನೆಲೆ ತಪ್ಪುತ್ತಿದ್ದಾಗ ಮಂಡಳ ಅಡುಗೆ ತರಬೇತಿ, ಸಮಾರಂಭಗಳಿಗೆ ಊಟ ಒದಗಿಸುವ ಕೆಲಸ, ವಾಶಿಯಲ್ಲಿ ದುಡಿಯುವ ಮಹಿಳೆಯರ ವಸತಿಗೃಹ ಹೀಗೆ ಬೇರೆ ದಾರಿಗಳಿಗೆ ಹೊರಳಿತು. ಪ್ರೇಮಾ ಪುರವ್ ಅವರಿಗೆ 2002ರಲ್ಲಿ ಪದ್ಮಶ್ರೀ ದೊರೆಯಿತು.

ಫುಟ್‌ಪಾತಿನ ಉಳಿತಾಯ

ಸೂರೇ ಇಲ್ಲದವರ ಪಾಡು ಇನ್ನೂ ಕಷ್ಟದ್ದು. ಫುಟ್‌ಪಾತ್ ನಿವಾಸಿಗಳ ತೆರವಿನ ವಿರುದ್ಧ ನಡೆದ ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1985ರ ಜುಲೈ 10ರಂದು ತೀರ್ಪಿತ್ತಿತು. ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದು ಅದು ಒಪ್ಪಿತು. ಆದರೆ ಮಳೆಗಾಲ ಮುಗಿದ ಮೇಲೆ ತೆರವಿಗೆ ಅವಕಾಶ ಕೊಟ್ಟಿತು. ಆ ಆತಂಕದ ದಿನಗಳಲ್ಲಿ ಶೀಲಾ ಪಟೇಲ್ ಮತ್ತು ಸಂಗಡಿಗರು 1984ರಲ್ಲಿ ಸ್ಥಾಪಿಸಿದ್ದ ‘ಸ್ಪಾರ್ಕ್’ ಸಂಸ್ಥೆ ಭಾಯಖಳಾದ ಸುತ್ತಮುತ್ತ ಆರು ಸಾವಿರಕ್ಕೂ ಹೆಚ್ಚು ಫುಟ್‌ಪಾತ್ ಕುಟುಂಬಗಳ ಗಣತಿ ಮಾಡಿತು. 1986ರಲ್ಲಿ ಅಲ್ಲಿನ ಹೆಂಗಸರು ‘ಮಹಿಳಾ ಮಿಲನ್’ ಕಟ್ಟಿಕೊಂಡರು. ಅವರಿಗೆ ಜೊತೆಯಾದವರು ರಾಷ್ಟ್ರೀಯ ಕೊಳೆಗೇರಿ ನಿವಾಸಿಗಳ ಒಕ್ಕೂಟದ ಜೋಕಿನ್ ಅರ್ಪುತಮ್. ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಹುಟ್ಟಿ, ಮಾನಖುರ್ದದ ಕೊಳೆಗೇರಿಯಲ್ಲಿ ನಾಯಕರಾಗಿ ಬೆಳೆದ ಅವರು 2000ದ ಮ್ಯಾಗ್ಸೆಸೆ ಪ್ರಶಸ್ತಿ ಪಡೆದವರು.

ಮಹಿಳಾ ಮಿಲನ್‌ನ ಜೀವಾಳ ದಿನದ ಉಳಿತಾಯ. ಸಂಘದ ಹೆಂಗಸು ಮನೆಮನೆಗೆ ಹೋಗಿ, ಕೊಟ್ಟಷ್ಟು ಚಿಲ್ಲರೆ ಸಂಗ್ರಹಿಸುತ್ತಾಳೆ. ಮಗುವಿಗೆ ಜ್ವರ ಬಂದರೆ, ವ್ಯಾಪಾರಕ್ಕೆ ಸರಕು ಬೇಕಾದರೆ ಅದರಿಂದಲೇ ಸಾಲ ಸಿಗುತ್ತದೆ. ದಿನಾ ಬಾಗಿಲಿಗೆ ಬರುವವಳಿಗೆ ಯಾರ ಮನೆಯಲ್ಲಿ ಕಾಯಿಲೆ, ಯಾರಿಗೆ ಪೆಟ್ಟು ಬಿದ್ದಿದೆ ಎಂಬುದೂ ತಿಳಿಯುತ್ತದೆ. ದುಡ್ಡಿನ ನೆಪದಲ್ಲಿ ಬೆಳೆಯುವ ಈ ಒಡನಾಟವೇ ಆಪತ್ತಿಗೆ ಒದಗುವ ಬಂಧು. ಇದೇ ಬಲದ ಮೇಲೆ ಅವರು ರೇಷನ್ ಕಾರ್ಡಿಗಾಗಿ ಕಚೇರಿಗಳಿಗೆ ಗುಂಪಾಗಿ ಹೋದರು, ಸಾರ್ವಜನಿಕ ಶೌಚಾಲಯಗಳ ನಿರ್ಮಾಣದಲ್ಲಿ ಕೈಜೋಡಿಸಿದರು, ಅನೇಕ ಕುಟುಂಬಗಳು ಪಕ್ಕಾ ಮನೆಗೆ ಸೇರುವವರೆಗೂ ಪಟ್ಟು ಬಿಡಲಿಲ್ಲ.

ಗಾಯಕ್ಕೂ ಮನಸ್ಸಿಗೂ ಮದ್ದು

ಹೊರಗಿನ ಕಷ್ಟಕ್ಕೆ ನೆರೆಯವರು ಒದಗಿಯಾರು. ಮನೆಯೊಳಗಿನ ಹಿಂಸೆ ಹಲವೊಮ್ಮೆ ಅವರಿಗೂ ಹೇಳಿಕೊಳ್ಳಲಾಗದ್ದು. 1984ರಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಮುಂಬಯಿ ಪೊಲೀಸರ ಜೊತೆಗೂಡಿ, ಪೊಲೀಸ್ ವ್ಯವಸ್ಥೆಯ ಒಳಗೇ ಸಮಾಜ ಕಾರ್ಯಕರ್ತೆಯರು ಕುಳಿತು ನೊಂದವರ ಮಾತು ಕೇಳುವ ವಿಶೇಷ ಘಟಕ ತೆರೆಯಿತು. ಠಾಣೆಯ ಮೆಟ್ಟಿಲು ಹತ್ತಲು ಅಂಜುವವರೂ ಆಸ್ಪತ್ರೆಗಂತೂ ಬರುತ್ತಾರೆ. ಈ ತಿಳಿವಿನಿಂದ 2000ದಲ್ಲಿ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ಮಹಾನಗರಪಾಲಿಕೆ ಮತ್ತು ‘ಸೆಹತ್’ ಸಂಸ್ಥೆ ಕೂಡಿ ‘ದಿಲಾಸಾ’ ಆರಂಭಿಸಿದವು. ದಿಲಾಸಾ ಎಂದರೆ ಸಾಂತ್ವನ, ಭರವಸೆ.

ಬಿದ್ದು ಪೆಟ್ಟಾಯಿತು ಎನ್ನುವ, ವಿಷ ಕುಡಿದು ಬರುವ ಮಹಿಳೆಯ ಹಿಂದೆ ಹಿಂಸೆ ಇದೆಯೇ ಎಂದು ಗುರುತಿಸಲು ವೈದ್ಯರಿಗೂ ದಾದಿಯರಿಗೂ ಇಲ್ಲಿ ತರಬೇತಿ ಇದೆ. ಗಾಯಕ್ಕೆ ಔಷಧಿ ಹಚ್ಚಿ, ಪೆಟ್ಟಿನ ವಿವರ ದಾಖಲಿಸಿ, ಆಪ್ತಸಮಾಲೋಚಕಿಯ ಬಳಿ ಕಳಿಸುತ್ತಾರೆ. ‘ತಪ್ಪು ನಿನ್ನದಲ್ಲ’ ಎಂಬುದು ಅಲ್ಲಿ ಆಕೆಗೆ ಮೊದಲು ಮನದಟ್ಟಾಗಬೇಕಾದ ಮಾತು. ಮನೆಗೆ ಮರಳುವುದು ಅಪಾಯವಾದರೆ ಆಸ್ಪತ್ರೆಯಲ್ಲೇ ತಾತ್ಕಾಲಿಕವಾಗಿ ಉಳಿಯಬಹುದು. ಕಾನೂನಿನ ನೆರವೂ ಸಿಗುತ್ತದೆ. ನಗರದ ಇತರ ಆಸ್ಪತ್ರೆಗಳಿಗೂ ಹಬ್ಬಿದ ಈ ಮಾದರಿ ಕೇರಳದ ‘ಭೂಮಿಕಾ’ ಕೇಂದ್ರಗಳಿಗೂ ದಾರಿ ತೋರಿತು. ನವಜಾತ ಶಿಶುತಜ್ಞೆ ಡಾ. ಆರ್ಮಿಡಾ ಫರ್ನಾಂಡಿಸ್ 1999ರಲ್ಲಿ ಸ್ಥಾಪಿಸಿದ ‘ಸ್ನೇಹಾ’ ಧಾರಾವಿಯಲ್ಲಿ ತಾಯಿ-ಮಗುವಿನ ಆರೋಗ್ಯದೊಂದಿಗೆ ಹಿಂಸೆಯ ತಡೆಯನ್ನೂ ಜೋಡಿಸಿತು.

ಇಂದು ದೇಶದ ಎಲ್ಲಿಂದಲಾದರೂ ಸಂಕಟದಲ್ಲಿರುವ ಮಹಿಳೆ 181ಕ್ಕೆ ಕರೆ ಮಾಡಬಹುದು. ಮಾನಸಿಕ ನೆರವಿಗೆ 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ 14416 ಇದೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಪ್ರಧಾನ ಕೇಂದ್ರ. ಅಲ್ಲಿ ಕನ್ನಡದಲ್ಲೂ ಮಾತನಾಡಬಹುದು. ಊರು ಬಿಟ್ಟು ಮುಂಬಯಿ ಸೇರಿದ ಹೆಣ್ಣುಮಗಳು ನೋವನ್ನು ತನ್ನ ನುಡಿಯಲ್ಲೇ ಹೇಳಿಕೊಳ್ಳಲು ಇದು ಒಂದು ಬಾಗಿಲು.