ಹಸ್ತಪ್ರತಿಯಲ್ಲಿ ಅಡಗಿದ ಖಡ್ಗವಿದ್ಯೆ

ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿರುವ ರಾಯಲ್ ಆರ್ಮರೀಸ್ ಎಂಬ ಆಯುಧ ಸಂಗ್ರಹಾಲಯಕ್ಕೆ ಸೇರಿದ, ಹದಿನಾಲ್ಕನೆಯ ಶತಮಾನದ ಆದಿಭಾಗದಲ್ಲಿ ಜರ್ಮನ್ ನಾಡಿನಲ್ಲಿ ಲ್ಯಾಟಿನ್ ಭಾಷೆಯಲ್ಲಿ ರಚಿತವಾದ, ಚರ್ಮಪತ್ರದ ಹಸ್ತಪ್ರತಿಯೊಂದಿದೆ. ಯುರೋಪಿನ ಖಡ್ಗವಿದ್ಯೆಯನ್ನು ಕುರಿತು ಉಳಿದುಬಂದಿರುವ ಗ್ರಂಥಗಳಲ್ಲಿ ಇದೇ ಅತ್ಯಂತ ಪ್ರಾಚೀನವೆಂಬುದು ವಿದ್ವಾಂಸರ ಮತ. ನಡುನೆತ್ತಿಯನ್ನು ಬೋಳಿಸಿಕೊಂಡ ಪಾದ್ರಿಯೊಬ್ಬನು ಇಲ್ಲಿ ಗುರು. ಒಂದು ಕೈಯಲ್ಲಿ ಕತ್ತಿಯನ್ನೂ ಮತ್ತೊಂದರಲ್ಲಿ ಊಟದ ತಟ್ಟೆಯಷ್ಟೇ ಅಗಲದ ದುಂಡು ಗುರಾಣಿಯನ್ನೂ ಹಿಡಿದು ಅವನು ಪುಟಪುಟದಲ್ಲಿಯೂ ಶಿಷ್ಯನಿಗೆ ಎದುರಾಗಿ ನಿಂತಿದ್ದಾನೆ. ಕಡೆಯ ಪುಟಗಳಲ್ಲಿ ಶಿಷ್ಯನ ಸ್ಥಾನಕ್ಕೆ ವಾಲ್ಪುರ್ಗಿಸ್ ಎಂಬ ಸ್ತ್ರೀಯೊಬ್ಬಳು ಬಂದು, ಆ ಪಾದ್ರಿಗೆ ಸರಿಜೋಡಿಯಾಗಿ ಕಾದುತ್ತಾಳೆ.

ಚಿತ್ರಗಳೇನೋ ಸ್ಪಷ್ಟವಾಗಿವೆ. ಆದರೆ ಒಂದು ಚಿತ್ರಕ್ಕೂ ಅದರ ಮುಂದಿನ ಚಿತ್ರಕ್ಕೂ ನಡುವೆ ಕಾಲು ಯಾವ ಕಡೆಗೆ ಸರಿಯಿತು, ಮಣಿಕಟ್ಟು ಹೇಗೆ ಹೊರಳಿತು, ಎಷ್ಟು ವೇಗದಲ್ಲಿ, ಎಷ್ಟು ಬಲದಲ್ಲಿ ಎಂಬುದನ್ನು ಯಾವ ಚಿತ್ರವೂ ತಿಳಿಸಲಾರದು. ಗುರುವು ಎದುರಿಗಿದ್ದಾಗ ಅದನ್ನು ಬರೆದಿಡುವ ಆವಶ್ಯಕತೆಯೂ ಇರಲಿಲ್ಲ. ಕೋವಿಯೂ ಫಿರಂಗಿಯೂ ಯುದ್ಧದ ರೀತಿಯನ್ನೇ ಮಾರ್ಪಡಿಸಿ, ಎರಡು ಕೈಗಳಿಂದ ಹಿಡಿಯುವ ನೀಳಗತ್ತಿಯು ಕ್ರಮೇಣ ಬಳಕೆಯಿಂದ ಮರೆಯಾದಾಗ, ಅದರ ಗುರುಪರಂಪರೆಯೂ ಕಡಿದುಹೋಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆಲ್ಫ್ರೆಡ್ ಹಟನ್ ಮತ್ತು ಎಗರ್ಟನ್ ಕ್ಯಾಸಲ್ ಎಂಬ ಇಬ್ಬರು ಆಂಗ್ಲರು ಹಳೆಯ ಗ್ರಂಥಗಳನ್ನು ತೆರೆದು ಆ ವರಸೆಗಳನ್ನು ಮತ್ತೆ ಆಡಿ ತೋರಿಸಲು ಶ್ರಮಿಸಿದರಾದರೂ, ಈ ಅನ್ವೇಷಣೆಯು ವ್ಯಾಪಕವಾಗಿ ಬೆಳೆದುದು ಕಳೆದ ಮೂರು ನಾಲ್ಕು ದಶಕಗಳಿಂದೀಚೆಗೆ. ದೇಹವು ಬಲ್ಲ ವಿದ್ಯೆಯೊಂದನ್ನು, ಆ ದೇಹಗಳೆಲ್ಲ ಮಣ್ಣಾದ ಮೇಲೆ, ಕೇವಲ ಮಸಿಯಿಂದ ಮರಳಿ ಪಡೆಯುವುದು ಸಾಧ್ಯವೆ?

ತೊಡಕು ಚಿತ್ರಗಳಲ್ಲಿ ಮಾತ್ರವಲ್ಲ, ಮಾತಿನಲ್ಲಿಯೂ ಇದೆ. ಹದಿನಾಲ್ಕನೆಯ ಶತಮಾನದವನೆಂದು ಎಣಿಸಲಾಗುವ ಜರ್ಮನ್ ಗುರು ಯೋಹಾನೆಸ್ ಲೀಷ್ಟೆನಾವರನ ಉಪದೇಶವು ಪ್ರಾಸಬದ್ಧವಾದ, ಅನ್ಯರಿಗೆ ಅರ್ಥವಾಗಬಾರದೆಂದೇ ಗೂಢವಾಗಿಸಿದ ಪದ್ಯಗಳಲ್ಲಿದೆ. ನಮ್ಮ ಶಾಸ್ತ್ರಗಳಲ್ಲಿ ಸೂತ್ರಕ್ಕೆ ಭಾಷ್ಯವು ಹೇಗೋ ಹಾಗೆ, ಮುಂದಿನ ತಲೆಮಾರಿನವರು ಅವಕ್ಕೆ ಬರೆದ ಗದ್ಯವಿವರಣೆಗಳಿಲ್ಲದೆ ಅವುಗಳಿಂದ ಏನನ್ನೂ ಹಿಂಡಿಕೊಳ್ಳಲಾಗದು. ವಿವರಣೆಗಳಿಗೂ ಹಲವು ಅರ್ಥಗಳು ಹುಟ್ಟಿದಾಗ ಅಭ್ಯಾಸಿಗಳು ಮಾಡುವುದೇನೆಂದರೆ, ಪ್ರತಿಯೊಂದು ಅರ್ಥವನ್ನೂ ಒಂದು ಊಹೆಯೆಂದು ಭಾವಿಸಿ, ಮುಖಕ್ಕೆ ಜಾಲರಿಯ ಕವಚವನ್ನೂ ಮೈಗೆ ದಪ್ಪನೆಯ ಅಂಗಿಯನ್ನೂ ತೊಟ್ಟು, ಮೊಂಡು ಉಕ್ಕಿನ ಕತ್ತಿಗಳಿಂದ ಅದನ್ನು ಆಡಿ ನೋಡುವುದು. ಎದುರಾಳಿಯು ಮನಸ್ಸಿಟ್ಟು ತಡೆದಾಗಲೂ ನಿಲ್ಲುವ ಅರ್ಥವು ಉಳಿಯುತ್ತದೆ; ಒಪ್ಪಿಕೊಂಡು ನಿಂತವನ ಮೇಲೆ ಮಾತ್ರ ನಡೆಯುವ ಅರ್ಥವು ಬಿದ್ದುಹೋಗುತ್ತದೆ. ಇದು ಪ್ರಯೋಗಶಾಲೆಯ ಮಾರ್ಗವೇ ಸರಿ. ಭಾಷೆ ಬದಲಾಯಿತು, ರಾಜ್ಯಗಳು ಬದಲಾದವು. ಆದರೆ ಮೊಣಕೈಯ ಕೀಲು, ಉಕ್ಕಿನ ಭಾರ, ಸನ್ನೆಯ ನಿಯಮ ಇವು ಬದಲಾಗಿಲ್ಲ. ಆ ಗುರುಗಳಿಗೂ ನಮಗೂ ಸಮಾನವಾಗಿ ಉಳಿದಿರುವ ಸಾಕ್ಷಿಯೆಂದರೆ ಯಂತ್ರಶಾಸ್ತ್ರವೊಂದೇ.

ಮೊದಲು ಕತ್ತಿಯನ್ನೇ ಪರೀಕ್ಷಿಸೋಣ. ಮಧ್ಯಯುಗದ ಖಡ್ಗವೆಂದರೆ ಹತ್ತು ಕಿಲೋಗ್ರಾಂ ತೂಗುವ ಕಬ್ಬಿಣದ ತೊಲೆಯೆಂಬ ಕಲ್ಪನೆ ಜನರಲ್ಲಿದೆ. ಉಳಿದುಬಂದಿರುವ ನೀಳಗತ್ತಿಗಳಲ್ಲಿ ಹೆಚ್ಚಿನವು ಸುಮಾರು 1.2ರಿಂದ 1.6 ಕಿಲೋಗ್ರಾಂ ಮಾತ್ರ ತೂಗುತ್ತವೆ. ಹಿಡಿಯ ಕೊನೆಯಲ್ಲಿ ಕಾಣುವ ಲೋಹದ ಗುಂಡು ಬರಿಯ ಅಲಂಕಾರವಲ್ಲ. ಭ್ರಮಿಸುವ ವಸ್ತುವಿನ ಜಡತ್ವವು ದೂರದ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದರಿಂದ, ಕೈಗೆ ಹತ್ತಿರದಲ್ಲಿರುವ ಆ ಗುಂಡು ಕತ್ತಿಯನ್ನು ತಿರುಗಿಸುವ ಶ್ರಮಕ್ಕೆ ಕೂಡಿಸುವುದು ಅತ್ಯಲ್ಪ. ಆದರೆ ಗುರುತ್ವಕೇಂದ್ರವನ್ನು ಅದು ಅಲಗಿನ ಕಡೆಯಿಂದ ಹಿಡಿಯ ಕಡೆಗೆ ಸೆಳೆದುಕೊಳ್ಳುತ್ತದೆ. ತೂಕವನ್ನು ಸೇರಿಸಿದರೂ ಕತ್ತಿಯು ಹಗುರವಾದಂತೆ ತೋರುವ ಈ ಸೋಜಿಗವನ್ನು ಸಮೀಕರಣವಿಲ್ಲದೆಯೇ ಕಮ್ಮಾರನ ಕೈ ಅರಿತಿತ್ತು.

ಕತ್ತಿಯನ್ನು ಮೊನೆ ಮೇಲಾಗಿ ಸಡಿಲವಾಗಿ ಹಿಡಿದು, ಆ ಗುಂಡನ್ನು ಅಂಗೈಯಿಂದ ಪಕ್ಕಕ್ಕೆ ಫಟ್ಟನೆ ತಟ್ಟಿದರೆ, ಅಲಗೆಲ್ಲವೂ ಥರಥರನೆ ನಡುಗುತ್ತದೆ. ದಿಟ್ಟಿಸಿ ನೋಡಿದರೆ, ಮೊನೆಯಿಂದ ಕೆಳಗೆ ಒಂದು ಸ್ಥಳ ಮಾತ್ರ ನಡುಗದೆ ನಿಂತಿರುವುದು ಕಾಣುತ್ತದೆ. ಅದು ನಿಸ್ಪಂದ ಬಿಂದು. ಅದರ ಆಸುಪಾಸಿನಲ್ಲಿ ಹೊಡೆತವು ತಗುಲಿದಾಗ ಶಕ್ತಿಯು ಕಂಪನದಲ್ಲಿ ಪೋಲಾಗದೆ ಗುರಿಗೆ ಇಳಿಯುತ್ತದೆ. ಚೆನ್ನಾಗಿ ಮಾಡಿದ ಕತ್ತಿಯಲ್ಲಿ ಇಂತಹದೇ ಮತ್ತೊಂದು ಬಿಂದು ಹಿಡಿಯಲ್ಲಿ, ಕೈ ಕೂರುವಲ್ಲಿಯೇ ಬೀಳುತ್ತದೆ. ಆದುದರಿಂದ ಕೈ ಜುಮ್ಮೆನ್ನುವುದಿಲ್ಲ. ಕ್ರಿಕೆಟ್ ದಾಂಡಿನ ಸರಿಯಾದ ಜಾಗಕ್ಕೆ ಚೆಂಡು ಬಿದ್ದಾಗ ಆಗುವ ಆ ನಿರಾಯಾಸದ ಅನುಭವವನ್ನು ಬಲ್ಲವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ಇಬ್ಬರ ಅಲಗುಗಳು ಒಂದನ್ನೊಂದು ತಾಗಿ ನಿಲ್ಲುವ ಸ್ಥಿತಿಯೇ ಲೀಷ್ಟೆನಾವರನ ಪದ್ಧತಿಯ ಹೃದಯ. ಹಿಡಿಗೆ ಹತ್ತಿರದ ಅರ್ಧವನ್ನು ಅವನ ಪರಂಪರೆಯು ಬಲವೆಂದೂ, ಮೊನೆಯ ಕಡೆಯ ಅರ್ಧವನ್ನು ದುರ್ಬಲವೆಂದೂ ಕರೆಯಿತು. ನನ್ನ ಕೈಯಿಂದ 20 ಸೆಂಟಿಮೀಟರ್ ದೂರದಲ್ಲಿ, ಎದುರಾಳಿಯ ಕೈಯಿಂದ 60 ಸೆಂಟಿಮೀಟರ್ ದೂರದಲ್ಲಿ ಅಲಗುಗಳು ಕೂಡಿದವೆನ್ನೋಣ. ಆ ಸಂಧಿಯಲ್ಲಿ ನನಗೆ ಸಮನಾಗಿ ಒತ್ತಬೇಕಾದರೆ ಅವನ ಮಣಿಕಟ್ಟು ನನ್ನದರ ಮೂರು ಪಟ್ಟು ತಿರುಚುಬಲವನ್ನು ಹಾಕಬೇಕಾಗುತ್ತದೆ. ಭೀಮಕಾಯನೂ ಇಲ್ಲಿ ಬಾಲಕನಿಗೆ ಸೋಲಬಹುದು. ಹಾಗೆ ಸೋತವನು ಮಾಡಬೇಕಾದುದೇನು? ಬಲಕ್ಕೆ ಬಲವನ್ನು ಒಡ್ಡದೆ, ಎದುರಾಳಿಯ ಒತ್ತಡಕ್ಕೆ ಜಾರಿಕೊಂಡು, ಅಲಗನ್ನು ಮತ್ತೊಂದು ಕಡೆಗೆ ಹೊರಳಿಸಬೇಕು.

ಒತ್ತಬೇಕೋ ಜಾರಿಕೊಳ್ಳಬೇಕೋ ಎಂಬುದನ್ನು ನಿಶ್ಚಯಿಸುವುದು ಕಣ್ಣಲ್ಲ, ಸ್ಪರ್ಶ. ಹಳೆಯ ಗುರುಗಳು ಇದಕ್ಕೆ ‘ಫ್ಯೂಲೆನ್’ ಎಂದರು. ಹಾಗೆಂದರೆ ಸ್ಪರ್ಶದಿಂದ ಅರಿಯುವುದು. ಕಣ್ಣಿಗೆ ಬಿದ್ದ ಸಂಕೇತಕ್ಕೆ ಕೈ ಓಗೊಡಲು ಸೆಕೆಂಡಿನ ಸುಮಾರು ಐದನೆಯ ಒಂದು ಭಾಗ ಬೇಕಾಗುತ್ತದೆ; ಸ್ಪರ್ಶಸಂಕೇತಕ್ಕೆ ಅದಕ್ಕಿಂತಲೂ ಕಡಿಮೆ ಕಾಲ ಸಾಕು. ಐದಾರು ಶತಮಾನಗಳ ಹಿಂದಿನ ಉಪದೇಶವನ್ನು ಶರೀರಶಾಸ್ತ್ರವು ಹೀಗೆ ಅನುಮೋದಿಸುತ್ತದೆ.

ಈ ಪುನರಭ್ಯಾಸದ ಫಲವು ಇನ್ನೂ ಹಿಂದಿನ ಯುಗಕ್ಕೂ ದೊರೆತಿದೆ. ಮೂರು ಸಾವಿರ ವರ್ಷಗಳಷ್ಟು ಹಳೆಯ ಕಂಚಿನ ಕತ್ತಿಗಳು ಮೆದು ಲೋಹದವಾದುದರಿಂದ ಕೇವಲ ಪ್ರತಿಷ್ಠೆಯ ವಸ್ತುಗಳಾಗಿದ್ದಿರಬಹುದೆಂಬ ವಾದವೊಂದಿತ್ತು. ರಾಫೆಲ್ ಹೆರ್ಮಾನ್ ಮತ್ತು ಸಂಗಡಿಗರು ಅಂತಹವೇ ಕತ್ತಿಗಳನ್ನು ಎರಕ ಹೊಯ್ಯಿಸಿ, ಮಧ್ಯಯುಗದ ವರಸೆಗಳನ್ನು ಬಲ್ಲವರ ಕೈಗೆ ಕೊಟ್ಟು ಕಾದಿಸಿ, ಒಂದೊಂದು ಪೆಟ್ಟು ಮೂಡಿಸಿದ ಕಚ್ಚನ್ನೂ ದಾಖಲಿಸಿಕೊಂಡರು. ಬಳಿಕ ವಸ್ತುಸಂಗ್ರಹಾಲಯಗಳಲ್ಲಿರುವ ಪ್ರಾಚೀನ ಕತ್ತಿಗಳ ಕಚ್ಚುಗಳೊಡನೆ ಅವನ್ನು ಹೋಲಿಸಿ ನೋಡಿದರು. 2020ರಲ್ಲಿ ಪ್ರಕಟವಾದ ಈ ಅಧ್ಯಯನದಿಂದ, ಆ ಕತ್ತಿಗಳು ಕಾದಿದ್ದವೆಂಬುದು ಮಾತ್ರವಲ್ಲ, ಹಿಡಿದವರು ಅಲಗಿಗೆ ಅಲಗನ್ನು ಕೂಡಿಸಿ ನಿಯಂತ್ರಿಸುವ ಕೌಶಲವನ್ನು ಕಲಿತಿದ್ದರೆಂಬುದೂ ತಿಳಿದುಬಂದಿತು. ಬರೆಹವೇ ಇಲ್ಲದ ಜನರ ವಿದ್ಯೆಯನ್ನು ಕಂಚಿನ ಗಾಯಗಳು ಬರೆದಿಟ್ಟಿದ್ದವು.

ಆದರೂ ಪ್ರಯೋಗಕ್ಕೆ ಒಂದು ಎಲ್ಲೆಯಿದೆ. ಹರಿತವಾದ ಅಂಚುಗಳು ತಾಗಿದರೆ ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಅಭ್ಯಾಸದ ಮೊಂಡು ಅಂಚುಗಳು ಜಾರಿಹೋಗುತ್ತವೆ. ಹೀಗಾಗಿ ಸ್ಪರ್ಶದ ಅರಿವೇ ತುಸು ಬೇರೆಯಾಗುತ್ತದೆ. ಇಷ್ಟನ್ನಾದರೂ ಹರಿತವಾದ ಕತ್ತಿಗಳನ್ನು ಮೆಲ್ಲಮೆಲ್ಲನೆ ಆಡಿಸಿ ಅಳೆಯಬಹುದು. ಅಳೆಯಲಾಗದುದು ಇನ್ನೊಂದಿದೆ. ಇಟಲಿಯ ಫಿಯೋರೆ ದೇಯಿ ಲಿಬೆರಿ ಎಂಬ ಗುರುವು 1410ರ ಸುಮಾರಿನಲ್ಲಿ ರಚಿಸಿದ ಗ್ರಂಥವೊಂದಿದೆ. ಅದರ ಮುನ್ನುಡಿಯಲ್ಲಿ ಅವನು, ತಾನು ಐದು ಸಲ ಪರಸ್ಥಳದ ಗುರುಗಳೊಡನೆ ಹರಿತವಾದ ಕತ್ತಿಯಿಂದ, ಬಟ್ಟೆಯ ಅಂಗಿ ಮತ್ತು ಚರ್ಮದ ಕೈಗವಸುಗಳ ಹೊರತು ಬೇರೆ ಯಾವ ರಕ್ಷಣೆಯೂ ಇಲ್ಲದೆ ಕಾದಿದೆನೆಂದೂ, ಅಲ್ಲಿ ಒಂದೇ ತಡೆ ತಪ್ಪಿದರೆ ಪ್ರಾಣವೇ ಹೋಗುತ್ತಿತ್ತೆಂದೂ ಹೇಳಿಕೊಂಡಿದ್ದಾನೆ.

ಇಂದಿನ ಅಭ್ಯಾಸಿಯು ತಡೆ ತಪ್ಪಿದಾಗ ಮುಖದ ಜಾಲರಿಯನ್ನು ಮೇಲೆತ್ತಿ, ನಕ್ಕು, ಬೆವರೊರೆಸಿಕೊಂಡು, ಅದೇ ಪುಟವನ್ನು ಮತ್ತೊಮ್ಮೆ ಓದುತ್ತಾನೆ. ಫಿಯೋರೆಗೆ ಆ ಎರಡನೆಯ ಓದು ಇರಲಿಲ್ಲ.