ಬಟ್ಟೆಗೂ ಒಂದು ಹೆಸರು

ಉಡುವ ಬಟ್ಟೆ ಬಾಗಿಲಿಗೆ ಪರದೆಯಾಗಿ, ಕುರ್ಚಿಗೆ ಹೊದಿಕೆಯಾಗಿ, ಗೋಡೆಗೆ ಅಲಂಕಾರವಾಗಿ ಸ್ಥಾನಾಂತರ ಹೊಂದುವುದು ಹೊಸತೇನಲ್ಲ. ಪಶ್ಚಿಮ ಆಫ್ರಿಕದ ಮುದ್ರಿತ ವಸ್ತ್ರಗಳು ಲೋಕದ ಹಲವು ನಗರಗಳ ಮನೆಗಳನ್ನು ಹೀಗೆ ಹೊಕ್ಕಿವೆ. ಅವುಗಳ ಕಡುಬಣ್ಣ, ದೊಡ್ಡ ಚಿತ್ತಾರ ಯಾರ ಕಣ್ಣನ್ನಾದರೂ ಸೆಳೆಯುವಂಥವು. ಆದರೆ ಕಣ್ಣು ಕಂಡದ್ದಷ್ಟೇ ಆ ಬಟ್ಟೆಯ ಸರ್ವಸ್ವವೆಂದು ತಿಳಿದರೆ ಅದರ ಅರ್ಧವನ್ನು ಮಾತ್ರ ಮನೆಗೆ ತಂದಂತಾಗುತ್ತದೆ.

‘ವ್ಯಾಕ್ಸ್’ ಎಂದು ಪ್ರಸಿದ್ಧವಾದ ಈ ಬಟ್ಟೆಯ ವಂಶಾವಳಿಯೇ ವಿಚಿತ್ರ. ಇದರ ಮೂಲ ಜಾವಾ ದ್ವೀಪದ ಬಾಟಿಕ್. ಮೇಣ ಸವರಿದ ಕಡೆ ಬಣ್ಣ ಹತ್ತದು ಎಂಬುದು ಆ ಕಲೆಯ ಗುಟ್ಟು. ಹತ್ತೊಂಬತ್ತನೆಯ ಶತಮಾನದಲ್ಲಿ ಡಚ್ಚರು ಅದನ್ನು ಯಂತ್ರಕ್ಕೆ ಅಳವಡಿಸಿ, ಮೇಣದ ಬದಲು ರಾಳವನ್ನು ಬಳಸಿದರು. 1846ರಲ್ಲಿ ಹೆಲ್ಮಂಡ್ ಪಟ್ಟಣದಲ್ಲಿ ಆರಂಭವಾಗಿ ಇಂದು ವ್ಲಿಸ್ಕೊ ಎನಿಸಿಕೊಂಡಿರುವ ಸಂಸ್ಥೆ ಈ ಉದ್ಯಮದಲ್ಲಿ ಹೆಸರಾಯಿತು. ರಾಳ ಬಿರಿದೆಡೆಯಲ್ಲಿ ಬಣ್ಣ ಒಳನುಗ್ಗಿ ಮೂಡುವ ಕೂದಲೆಳೆಯಂಥ ಗೆರೆಗಳು ಜಾವಾದಲ್ಲಿ ದೋಷವೆನಿಸಿದವು. ಅಂದಿನ ಗೋಲ್ಡ್ ಕೋಸ್ಟ್, ಇಂದಿನ ಘಾನಾದಲ್ಲಿ ಅವೇ ಸೊಗಸೆನಿಸಿದವು.

ಬಟ್ಟೆ ಪರದೇಶದ್ದಾದರೂ ಅದಕ್ಕೆ ಹೆಸರಿಟ್ಟು ತಮ್ಮದಾಗಿಸಿಕೊಂಡವರು ಆಫ್ರಿಕದ ಸಂತೆಗಳ ಹೆಂಗಸರು. ಟೋಗೊ ದೇಶದ ಲೋಮೆ ನಗರದಲ್ಲಿ ಈ ವ್ಯಾಪಾರದಿಂದ ಮೇಲೆ ಬಂದು ಬೆನ್ಸ್ ಕಾರುಗಳಲ್ಲಿ ಓಡಾಡಿದ ವರ್ತಕಿಯರಿಗೆ ‘ನಾನಾ ಬೆನ್ಸ್’ ಎಂಬ ಬಿರುದೇ ಬಂದಿತು. ಘಾನಾದ ಅಕಾನ್ ಜನರಲ್ಲಿ ಒಂದು ಚಿತ್ತಾರದ ಹೆಸರು ‘ಅಹ್ವೆನೆ ಪಾ ನ್ಕಸಾ’. ಒಳ್ಳೆಯ ಮಣಿ ಸದ್ದು ಮಾಡದು ಎಂದರ್ಥ. ನಮ್ಮ ‘ತುಂಬಿದ ಕೊಡ ತುಳುಕುವುದಿಲ್ಲ’ ಎಂಬ ಗಾದೆಗೆ ಇದು ಒಡಹುಟ್ಟು. ಅದನ್ನು ಉಟ್ಟವಳು ಬಾಯಿ ತೆರೆಯದೆಯೇ ನೆರೆಯವಳಿಗೆ ಉತ್ತರ ಕೊಟ್ಟಿರುತ್ತಾಳೆ.

ಮನೆಯ ಬಳಕೆಗೆ ಈ ಬಟ್ಟೆಯಲ್ಲಿ ಅನುಕೂಲವೂ ಉಂಟು. ಅಸಲು ವ್ಯಾಕ್ಸಿನ ಎರಡು ಮಗ್ಗುಲಲ್ಲೂ ಬಣ್ಣ ಒಂದೇ ಸಮನಾಗಿರುವುದರಿಂದ ಪರದೆಗೆ ಒಳಗು ಹೊರಗೆಂಬ ಭೇದವಿಲ್ಲ. ಕೋಣೆಯಲ್ಲಿ ಇಂಥ ಒಂದು ಬಟ್ಟೆ ಮಾತನಾಡುವಾಗ ಗೋಡೆ, ನೆಲಗಳು ಸುಮ್ಮನಿರುವುದು ಮೇಲು. ದಿಂಬಿನ ಗವಸಿಗೆ ಕತ್ತರಿಸುವಾಗ ಚಿತ್ತಾರದ ನಡುವನ್ನು ಗುರುತಿಸಿಕೊಳ್ಳಬೇಕು. ಇಲ್ಲವಾದರೆ ಹಕ್ಕಿಗೆ ತಲೆಯೇ ಇರದು.

ಅಲಂಕಾರದ ಹಿಂದಿನ ಚರಿತ್ರೆಯನ್ನು ತೋರಿಸಿಕೊಟ್ಟವರು ಬ್ರಿಟಿಷ್-ನೈಜೀರಿಯನ್ ಕಲಾವಿದ ಯಿಂಕಾ ಶೋನಿಬಾರೆ. 1996-97ರಲ್ಲಿ ಅವರು ವಿಕ್ಟೋರಿಯ ರಾಣಿಯ ಕಾಲದ ದಾನಿಯೊಬ್ಬನ ದಿವಾನಖಾನೆಯನ್ನು ಕಲಾಕೃತಿಯಾಗಿ ರಚಿಸಿ, ಗೋಡೆ, ಪೀಠೋಪಕರಣಗಳಿಗೆಲ್ಲ ಇಂಥ ಮುದ್ರಣವನ್ನೇ ಹೊದಿಸಿದರು. ಅದರ ಚಿತ್ತಾರದಲ್ಲಿ ಕಪ್ಪು ಕಾಲ್ಚೆಂಡಾಟಗಾರರು. ಆ ಸಿರಿಯ ಬೇರು ಯಾರ ನೆಲದಲ್ಲಿತ್ತೆಂದು ಕೋಣೆಯೇ ಕೇಳುವಂತಿದೆ.

ಮತ್ತೊಂದು ನಿದರ್ಶನ ನಮಗೆ ಇನ್ನೂ ಹತ್ತಿರದ್ದು. ನೈಜರ್ ನದಿಯ ಮುಖಜಭೂಮಿಯ ಕಲಬಾರಿ ಜನರು, ಮನೆಯ ಹಿರಿಯರು ತೀರಿಕೊಂಡಾಗ, ಪೆಟ್ಟಿಗೆಯಲ್ಲಿ ಕಾದಿರಿಸಿದ ಹಳೆಯ ಬಟ್ಟೆಗಳನ್ನು ತೆಗೆದು ಕೋಣೆ, ಮಂಚಗಳನ್ನು ಸಿಂಗರಿಸುತ್ತಾರೆ. ಅವುಗಳಲ್ಲಿ ಬಹುಮಾನ್ಯವಾದ ‘ಇಂಜಿರಿ’ ಎಂಬುದು ದಕ್ಷಿಣ ಭಾರತದ ಕೈಮಗ್ಗದ ಮದರಾಸು ಚೌಕಳಿ ಬಟ್ಟೆ. ನಮ್ಮ ನೇಕಾರರ ಎಳೆ ಅಲ್ಲಿ ಹಿರಿಯರ ಶಯ್ಯೆಯಾಗಿದೆ.

ಈ ಬಟ್ಟೆ ಹುಟ್ಟಿದ್ದೆಲ್ಲಿ ಎಂದು ವಾದಿಸುವುದಕ್ಕಿಂತ ಅದರಿಂದ ಯಾರ ಬದುಕು ನಡೆಯುತ್ತಿದೆ ಎಂದು ವಿಚಾರಿಸುವುದು ಮೇಲು. ಅಗ್ಗದ ನಕಲುಗಳು ತುಂಬಿ ಘಾನಾ, ನೈಜೀರಿಯಗಳ ಗಿರಣಿಗಳು ಸೊರಗಿವೆ. ಕೊಳ್ಳುವವರು ಇದು ಎಲ್ಲಿ ಅಚ್ಚಾಯಿತು, ಇದರ ಹೆಸರೇನು ಎಂಬ ಎರಡು ಪ್ರಶ್ನೆ ಕೇಳುವುದು ಉಚಿತ. ‘ಇದೇನು ಚಿತ್ತಾರ?’ ಎಂದ ಅತಿಥಿಗೆ ಮನೆಯವರು ಅದರ ಗಾದೆಯನ್ನು ಹೇಳಬಲ್ಲರಾದರೆ, ಆ ಪರದೆ ಆ ಮನೆಯದೇ ಆಯಿತೆನ್ನಬಹುದು.